ಮನೆಯೊಳಗೆ ಗಾಳಿ ಎಷ್ಟು ಆಡುತ್ತದೆ? ಅಳೆದು ನೋಡಿ

ರಾಯಚೂರು, ಬಳ್ಳಾರಿ ಕಡೆ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು. ಕಿಟಕಿ ತೆರೆದರೂ ಪಡಸಾಲೆಯಲ್ಲಿ ಧಗೆ ತಪ್ಪದು. ಹಾಗಂತ ಗೋಡೆ ಒಡೆಸಿ ಇನ್ನೊಂದು ಕಿಟಕಿ ಇಡಿಸುವ ಮುಂಚೆ, ಈಗ ಎಷ್ಟು ಗಾಳಿ ಬರುತ್ತಿದೆ ಅಂತ ಅಳೆಯಿರಿ. ಬೇಕಾದ್ದು ಟೇಪು, ಊದಿನಕಡ್ಡಿ, ಕೈಯಲ್ಲಿ ಹಿಡಿಯುವ ಎನಿಮೋಮೀಟರ್. ಇದು ಪುಟ್ಟ ರೆಕ್ಕೆ ತಿರುಗಿ ಗಾಳಿಯ ವೇಗ ತೋರಿಸುವ ಯಂತ್ರ.

ಮೊದಲು ಫ್ಯಾನ್, ಕೂಲರ್ ಬಂದ್ ಮಾಡಿ. ಊದಿನಕಡ್ಡಿ ಹಚ್ಚಿ ಪ್ರತಿ ಕಿಟಕಿ, ಬಾಗಿಲಿನ ಹತ್ತಿರ ಹಿಡಿಯಿರಿ. ಹೊಗೆ ಒಳಗೆ ವಾಲಿದರೆ ಅದು ಗಾಳಿ ಬರುವ ದಾರಿ, ಹೊರಗೆ ವಾಲಿದರೆ ಹೋಗುವ ದಾರಿ. ಮೇಲೂ ಕೆಳಗೂ ಹಿಡಿದು ನೋಡಿ. ರಾತ್ರಿ ಹೊರಗಿಗಿಂತ ಕೋಣೆ ಬಿಸಿಯಿದ್ದರೆ, ಒಂದೇ ಕಿಟಕಿಯಲ್ಲಿ ಗಾಳಿ ಕೆಳಗಿಂದ ಬಂದು ಮೇಲಿಂದ ಹೋಗುವುದುಂಟು.

ಆಮೇಲೆ ಟೇಪು ಹಿಡಿಯಿರಿ. ಚೌಕಟ್ಟಿನ ಅಳತೆ ಬೇಡ, ನಿಜವಾಗಿ ತೆರೆದಿರುವಷ್ಟೇ ಲೆಕ್ಕಕ್ಕೆ. 4 ಅಡಿ ಅಗಲ, 3 ಅಡಿ ಎತ್ತರದ ಸ್ಲೈಡಿಂಗ್ ಕಿಟಕಿ ಅರ್ಧ ಮಾತ್ರ ತೆರೆಯುತ್ತದೆ, ಅಂದರೆ 6 ಚದರ ಅಡಿ. ಇಂಥ ಬಿಸಿಲೂರಿಗೆ ಈ ಕಿಟಕಿಯನ್ನು ಯಾರು ತಂದರೋ! ಸೊಳ್ಳೆ ಜಾಲರಿ ದಿನಾ ಇರುವಂತೆಯೇ ಇರಲಿ.

ಈಗ ವೇಗ. ತೆರೆದ ಜಾಗವನ್ನು ಮನಸ್ಸಿನಲ್ಲೇ 9 ಚೌಕ ಮಾಡಿಕೊಳ್ಳಿ. ನೀವು ಪಕ್ಕಕ್ಕೆ ನಿಂತು, ಕೈ ಚಾಚಿ, ಪ್ರತಿ ಚೌಕದಲ್ಲೂ ಒಂದು ನಿಮಿಷ ಯಂತ್ರ ಹಿಡಿದು ಸರಾಸರಿ ತೆಗೆಯಿರಿ. ನಡುವೆ ಮಾತ್ರ ಹಿಡಿದರೆ ಲೆಕ್ಕ ಜಾಸ್ತಿ ಬಂದೀತು. ತೀರಾ ಸಣ್ಣ ಗಾಳಿಗೆ ರೆಕ್ಕೆ ಅಲುಗುವುದೇ ಇಲ್ಲ. ಸೊನ್ನೆ ತೋರಿಸಿತೆಂದು ಗಾಳಿಯೇ ಇಲ್ಲ ಅನ್ನಬೇಡಿ, ಹೊಗೆಯನ್ನು ಕೇಳಿ.

ಸರಾಸರಿ ನಿಮಿಷಕ್ಕೆ 100 ಅಡಿ ಬಂದರೆ, 6 ಚದರ ಅಡಿಗೆ ಗುಣಿಸಿದಾಗ ನಿಮಿಷಕ್ಕೆ 600 ಘನ ಅಡಿ ಗಾಳಿ. ಕೋಣೆ 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರವಿದ್ದರೆ 1200 ಘನ ಅಡಿ. ಲೆಕ್ಕಕ್ಕೆ 2 ನಿಮಿಷಕ್ಕೊಮ್ಮೆ ಗಾಳಿ ಬದಲು. ಮೂಲೆಯ ಗಾಳಿ ಮಾತ್ರ ಅಷ್ಟು ಬೇಗ ಕದಲದು.

ಹೋಗುವ ದಾರಿಯನ್ನೂ ಹೀಗೇ ಅಳೆಯಿರಿ. ಬಂದಷ್ಟೇ ಹೋಗಬೇಕು ಅಲ್ವಾ? ಅಲ್ಲಿ ತುಂಬಾ ಕಡಿಮೆ ಬಂದರೆ ಗವಾಕ್ಷಿಯೋ ಮೆಟ್ಟಿಲ ಬಾಗಿಲೋ ಲೆಕ್ಕ ತಪ್ಪಿದೆ. ಹೋಗುವ ದಾರಿ ಕಿರಿದಾದರೆ ಬರುವ ಗಾಳಿಯೂ ಕಡಿಮೆಯೇ. ಎಷ್ಟೋ ಮನೆಗಳಲ್ಲಿ ಹೊಸ ಕಿಟಕಿಗಿಂತ ಹಿತ್ತಲ ಬಾಗಿಲು ತೆರೆದಿಟ್ಟರೆ ಸಾಕು.

ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ ಅಳೆಯಿರಿ. ಒಳಗೂ ಹೊರಗೂ ಥರ್ಮಾಮೀಟರ್ ಇಡಿ. ಹೊರಗೇ ಬಿಸಿ ಜಾಸ್ತಿಯಿದ್ದರೆ ಆ ಗಾಳಿ ಬರೀ ಝಳ ತರುತ್ತದೆ, ಕಿಟಕಿ ಮುಚ್ಚಿ. ತೆರೆಯಬೇಕಾದ್ದು ರಾತ್ರಿ. ಕಳ್ಳರ ಭಯಕ್ಕೆ ಕಿಟಕಿ ಹಾಕಿ ಮಲಗುವವರು ಗವಾಕ್ಷಿಯೊಂದನ್ನೇ ತೆರೆದು ಇನ್ನೊಮ್ಮೆ ಅಳೆಯಲಿ.