ಎದೆಬಡಿತದ ಮಾಡ್ಯೂಲಿನಲ್ಲಿ ಮೆದುಳಿನ ಅಲೆ ಹಿಡಿದದ್ದು: ನನ್ನ ಅನುಭವ

ಎಡಿ8232 ಚಿಪ್ಪಿನ ಮಾಡ್ಯೂಲ್ ಇರುವುದೇ ಇಸಿಜಿಗೆ, ಅಂದರೆ ಎದೆಬಡಿತದ ಸಿಗ್ನಲ್ ಹಿಡಿಯಲು, ಅದರಲ್ಲಿ ಇಇಜಿ, ಅಂದರೆ ಮೆದುಳಿನ ಅಲೆ, ಎಲ್ಲಿಂದ ಬರುತ್ತೆ ಅಂತ ನನಗೆ ಹೇಳದವರಿಲ್ಲ. ಕಾಲೇಜಿನ ಎಲೆಕ್ಟ್ರಾನಿಕ್ಸ್ ಮೇಷ್ಟ್ರು ತಲೆ ಅಲ್ಲಾಡಿಸಿದರು. ಆಸ್ಪತ್ರೆಯಲ್ಲಿ ಇಇಜಿ ತೆಗೆಯುವ ಗೆಳೆಯ ನಕ್ಕೇಬಿಟ್ಟ. ಈಗ ಅದೇ ಮಾಡ್ಯೂಲ್ ತಲೆಯ ಹಿಂಬದಿಗೆ ಹಾಕಿದರೆ ನೀವು ಕಣ್ಣು ಮುಚ್ಚಿದ್ದೀರೋ ಬಿಟ್ಟಿದ್ದೀರೋ ಹೇಳುತ್ತದೆ. ನೆತ್ತಿಯ ಎಡಕ್ಕೆ ಹಾಕಿದರೆ ಬಲಗೈ ಆಡಿಸಿದ್ದು ತಿಳಿಸುತ್ತದೆ. ಮಾಡ್ಯೂಲ್ ತಲೆಯ ಹಿಂಬದಿಯಲ್ಲಿ ಕೂತಿದ್ದಾಗ ಕೈ ಎಷ್ಟು ಆಡಿಸಿದರೂ ಅದಕ್ಕೆ ಸುದ್ದಿಯೇ ಇಲ್ಲ. ಮೆದುಳಿನಲ್ಲಿ ನೋಡುವ ಕೆಲಸಕ್ಕೆ ಒಂದು ಜಾಗ, ಕೈಯ ಕೆಲಸಕ್ಕೆ ಇನ್ನೊಂದು ಜಾಗ ಅಂತ ಓದಿದ್ದನ್ನು ನನ್ನ ತಲೆಯ ಮೇಲೇ ನೋಡಬೇಕು ಅನ್ನುವ ಹುಚ್ಚು ಹೀಗೆ ತೀರಿತು.

ಮೊದಲು ದುಡ್ಡಿನ ವಿಷಯ. ಶುರುವಲ್ಲಿ ಎಡಿ620 ಅನ್ನುವ ಆಂಪ್ಲಿಫೈಯರ್ ಚಿಪ್ ಹಾಕಿ ಬ್ರೆಡ್‌ಬೋರ್ಡ್ ಮೇಲೆ ನಾನೇ ಆಂಪ್ಲಿಫೈಯರ್ ಕಟ್ಟಿದೆ. ಬೆಂಗಳೂರಿನ ಎಸ್.ಪಿ. ರೋಡಿನ ಒಂದು ಅಂಗಡಿಯಲ್ಲಿ ಮುನ್ನೂರು ಚಿಲ್ಲರೆ ಕೊಟ್ಟು ತಂದ ಚಿಪ್. ಮೇಲೆ ಬರೆದದ್ದು ಮಾತ್ರ ಎಡಿ620, ಒಳಗೆ ಏನಿತ್ತೋ ದೇವರಿಗೇ ಗೊತ್ತು. ಇನ್ನೊಂದು ತಂದೆ, ಅದೂ ಅಷ್ಟೇ. ಆಮೇಲೆ ಐನೂರು ಆರುನೂರರ ಎಡಿ8232 ಮಾಡ್ಯೂಲಿಗೆ ಬಂದೆ. ಚಿನ್ನದ ಲೇಪದ ಕಪ್ ಎಲೆಕ್ಟ್ರೋಡ್‌ಗೆ ಸುಮಾರು ಮೂರು ಸಾವಿರ ಹೋಯಿತು, ಪೇಸ್ಟಿನ ಡಬ್ಬಿಗೆ ಬೇರೆ. ಒಟ್ಟು ಏಳು ಸಾವಿರದ ಹತ್ತಿರ ಖರ್ಚಾಗಿರಬೇಕು. ಅದರಲ್ಲಿ ಕೆಲಸಕ್ಕೆ ಬಂದದ್ದು ನಾಲ್ಕೂವರೆ ಸಾವಿರದ್ದು.

ಸಿಗ್ನಲ್ಲನ್ನು ಅಂಕಿಗಳಾಗಿ ಓದಲು ಮೊದಲು ಬಳಸಿದ ಆರ್ಡುಯಿನೊ ಊನೊ ಬೋರ್ಡಿನಲ್ಲಿ ಗ್ರಾಫ್ ಮೆಟ್ಟಿಲು ಮೆಟ್ಟಿಲಾಗಿ ಬರುತ್ತಿತ್ತು. ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಕಣ್ಣು ಮುಚ್ಚಿದಾಗ ತಲೆಯ ಹಿಂಬದಿಯಲ್ಲಿ ಏಳುವ ಆಲ್ಫಾ ಅಲೆ ಸುಮಾರು 20ರಿಂದ 50 ಮೈಕ್ರೊವೋಲ್ಟ್. ಮಾಡ್ಯೂಲ್ ಅದನ್ನು 1100 ಪಟ್ಟು ದೊಡ್ಡದು ಮಾಡಿದರೂ 20 ಅನ್ನುವುದು 22 ಮಿಲಿವೋಲ್ಟ್ ಅಷ್ಟೇ. 10 ಬಿಟ್ಟಿನ ಊನೊಗೆ ಒಂದು ಮೆಟ್ಟಿಲೇ 5 ಮಿಲಿವೋಲ್ಟ್. ನಾಲ್ಕು ಮೆಟ್ಟಿಲಲ್ಲಿ ಏನು ಅಲೆ ಕಾಣುತ್ತದೆ? 16 ಬಿಟ್ಟಿನ ಎಡಿಎಸ್1115 ಚಿಪ್ ಹಾಕಿದ ಮೇಲೆ ಅದೇ ಅಲೆಗೆ ನೂರೆಪ್ಪತ್ತಕ್ಕಿಂತ ಜಾಸ್ತಿ ಮೆಟ್ಟಿಲು ಸಿಕ್ಕಿತು. ಅದರ ಹಿಂದೆ ಇಎಸ್‌ಪಿ32 ಬೋರ್ಡ್, ಸೆಕೆಂಡಿಗೆ 250 ಸ್ಯಾಂಪಲ್. ಸಾಕು.

ಮನೆಯ ಕರೆಂಟಿನಿಂದ ಗ್ರಾಫಿಗೆ ನುಗ್ಗುವ 50 ಹರ್ಟ್ಸ್ ಗದ್ದಲದ ಕಾಟ ನಿಮಗೆಲ್ಲ ಗೊತ್ತಿದ್ದದ್ದೇ. ನಮ್ಮ ಮನೆಯಲ್ಲಿ ಕರೆಂಟ್ ಹೋದಾಗಲೇ ಗ್ರಾಫ್ ಚೆನ್ನಾಗಿ ಬರುತ್ತಿತ್ತು. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತಿಡಿ. ಇದು ಗ್ರಾಫಿನ ಮಾತಷ್ಟೇ ಅಲ್ಲ, ತಲೆಗೆ ತಂತಿ ಹಾಕಿಕೊಂಡಾಗ ಗೋಡೆಯ ಪ್ಲಗ್ಗಿಗೂ ನಿಮಗೂ ಯಾವ ಸಂಬಂಧವೂ ಇರಕೂಡದು. ಬ್ಯಾಟರಿ ಮಾತ್ರ.

ನಿಜವಾದ ವೈರಿ ಕೊಬ್ಬರಿ ಎಣ್ಣೆ. ಇದನ್ನು ಯಾರೂ ಬರೆಯುವುದಿಲ್ಲ. ಎಣ್ಣೆ ಹಚ್ಚಿದ ತಲೆಯ ಮೇಲೆ ಎಂಥ ಪೇಸ್ಟ್ ಹಾಕಿದರೂ ಬರೀ ಗದ್ದಲ. ಶಾಂಪೂ ಹಾಕಿ ತೊಳೆದು, ಕೂದಲು ಬೈತಲೆ ತೆಗೆದ ಹಾಗೆ ಸರಿಸಿ, ಚರ್ಮ ಸ್ವಲ್ಪ ಉಜ್ಜಿ ಆಮೇಲೆ ಪೇಸ್ಟ್. ಕೂದಲು ದಟ್ಟವಾಗಿದ್ದರೆ ಕಪ್ ಕದಲದ ಹಾಗೆ ಕೂರಿಸಲು ನನ್ನದೊಂದು ಉಪಾಯ ಇದೆ, ಅದನ್ನು ಸದ್ಯಕ್ಕೆ ಹೇಳಲ್ಲ.

ಜಾಗಕ್ಕೆ 10-20 ಅಳತೆಯೇ, ಅಂದರೆ ತಲೆಯ ಮೇಲೆ ಎಲೆಕ್ಟ್ರೋಡ್ ಎಲ್ಲಿಡಬೇಕು ಅಂತ ಗುರುತಿಸಿ ಹೆಸರಿಡುವ ಪದ್ಧತಿ. ಮೂಗಿನ ಬುಡದಿಂದ ಹಿಂದಲೆಯ ಉಬ್ಬಿನವರೆಗೆ ನನ್ನದು 36 ಸೆಂಟಿಮೀಟರ್ ಇರಬಹುದು. ಉಬ್ಬಿನಿಂದ ಮೂರೂವರೆ ಸೆಂಟಿಮೀಟರ್ ಮೇಲೆ, ನಡುವಿನಿಂದ ಒಂದಿಷ್ಟು ಎಡಕ್ಕೆ ಓ1 ಅನ್ನುವ ಜಾಗ. ಹೋಲಿಸಿ ಕಳೆಯಲು ಇಡುವ ರೆಫರೆನ್ಸ್ ಎಲೆಕ್ಟ್ರೋಡ್ ಕಿವಿಗೆ, ಗ್ರೌಂಡ್ ಹಣೆಗೆ. ಕಣ್ಣು ಮುಚ್ಚಿದೆ, ಎಫ್‌ಎಫ್‌ಟಿಯಲ್ಲಿ (ಯಾವ ಆವರ್ತನದ ಅಲೆ ಎಷ್ಟಿದೆ ಅಂತ ಬಿಡಿಸಿ ತೋರಿಸುವ ಲೆಕ್ಕ) 10 ಹರ್ಟ್ಸ್ ಹತ್ತಿರ ಗುಡ್ಡ ಎದ್ದಿತು. ಕಣ್ಣು ಬಿಟ್ಟೆ, ಗುಡ್ಡ ಮಾಯ. ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮೆದುಳಿನ ಅಲೆ ದಾಖಲಿಸಿ 1929ರಲ್ಲಿ ಪ್ರಕಟಿಸಿದಾಗ ಬಹಳ ಜನ ನಂಬಲಿಲ್ಲ. 1934ರಲ್ಲಿ ಕೇಂಬ್ರಿಜ್‌ನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ಮಾಡಿ ತೋರಿಸಿದ ಮೇಲೆಯೇ ನಂಬಿದ್ದು. ನಮ್ಮ ಮೇಷ್ಟ್ರಿಗೆ ಇದನ್ನು ಹೇಳಿದೆ. ಚಹಾ ಅವರೇ ಕೊಡಿಸಿದರು.

ಕೈಯದು ಇಷ್ಟು ಸುಲಭಕ್ಕೆ ಬಗ್ಗಲಿಲ್ಲ. ಸಿ3ಗೆ, ಅಂದರೆ ನೆತ್ತಿಯ ನಡುವಿನಿಂದ ಎಡಗಿವಿಯ ಕಡೆ ಸುಮಾರು 7 ಸೆಂಟಿಮೀಟರ್ ಇಳಿದು ಹಾಕಿದೆ. ಕೈ ಸುಮ್ಮನಿದ್ದಾಗ ಅಲ್ಲಿ ಏಳುವ ಮ್ಯೂ ಅಲೆಯೂ 10 ಹರ್ಟ್ಸ್ ಆಸುಪಾಸಿನದೇ. ಬಲಗೈ ಆಡಿಸಿದರೆ ಅದು ಇಳಿಯಬೇಕು. ಆದರೆ ಕಿವಿಯ ರೆಫರೆನ್ಸ್ ಇಟ್ಟರೆ ಹಿಂಬದಿಯ ಆಲ್ಫಾ ಇಲ್ಲಿಗೂ ಹರಿದು ಬಂದು ಎಲ್ಲ ಮುಚ್ಚಿಹಾಕುತ್ತಿತ್ತು. ಕಾಸು ಖರ್ಚಿಲ್ಲದ ಪರಿಹಾರ ಕೊನೆಗೆ ಸಿಕ್ಕಿತು. ರೆಫರೆನ್ಸನ್ನು ಕಿವಿಯಿಂದ ಕಿತ್ತು ಸಿ3ರ ಮುಂದೆಯೇ ನಾಲ್ಕೈದು ಸೆಂಟಿಮೀಟರ್ ದೂರದಲ್ಲಿ ಇಟ್ಟೆ. ದೂರದಿಂದ ಬರುವುದು ಎರಡಕ್ಕೂ ಹೆಚ್ಚುಕಡಿಮೆ ಒಂದೇ ಥರ ತಲುಪುತ್ತದೆ, ಒಂದರಿಂದ ಇನ್ನೊಂದನ್ನು ಕಳೆದಾಗ ಬಹುಪಾಲು ಹೋಗುತ್ತದೆ. ಅಲ್ಲೇ ಹುಟ್ಟುವುದು ಉಳಿಯುತ್ತದೆ. ಕಣ್ಣು ಬಿಟ್ಟೇ ಕೂತು ಬಲಗೈ ಮುಷ್ಟಿ ಹಿಡಿದರೆ ಹತ್ತರಲ್ಲಿ ಏಳು ಸಲ ಇಳಿತ ಕಾಣುತ್ತದೆ. ಎಡಗೈಗೆ ಅಷ್ಟು ಇಲ್ಲ. ಮೃದಂಗ ನುಡಿಸುವ ಗೆಳೆಯನೊಬ್ಬ ಕೈ ಆಡಿಸದೆ, ಸುಮ್ನೆ ನುಡಿಸುವ ಹಾಗೆ ನೆನೆಸಿಕೊಂಡೇ ನನಗಿಂತ ಚೆನ್ನಾಗಿ ಇಳಿಸಿದ!

ಕಾಲಿನದೂ ನೋಡಿದೆ. ಅದರ ಜಾಗ ಎರಡು ಅರ್ಧಗೋಳಗಳ ನಡುವಿನ ಸೀಳಿನ ಒಳಗೋಡೆಯಲ್ಲಿದೆ, ಎಡ ಬಲ ಅಕ್ಕಪಕ್ಕ ಅಂಟಿಕೊಂಡಂತಿವೆ. ನೆತ್ತಿಯ ಮೇಲಿಂದ ಕಾಲು ಆಡಿದೆ ಅಂತ ಒಂದೊಂದು ಸಲ ಹೇಳಬಹುದು, ಯಾವ ಕಾಲು ಅಂತ ಕೇಳಬೇಡಿ.

ಮಾತಿನದು ಮಾತ್ರ ದಕ್ಕಲಿಲ್ಲ. 1861ರಲ್ಲಿ ಪ್ಯಾರಿಸಿನ ಬ್ರೋಕಾ, ಮಾತು ನಿಂತುಹೋಗಿದ್ದ ರೋಗಿ ಸತ್ತ ಮೇಲೆ ಮೆದುಳು ಬಿಚ್ಚಿ ನೋಡಿ ಎಡ ಮುಂಭಾಗದ ಜಾಗ ತೋರಿಸಿದ. ಅಲ್ಲೇ ಎಲೆಕ್ಟ್ರೋಡ್ ಇಟ್ಟೆ. ಬಾಯಿ ಬಿಟ್ಟ ಕೂಡಲೇ ದವಡೆಯ ಸ್ನಾಯುಗಳ ಸಿಗ್ನಲ್ ನುಗ್ಗಿ ಮೆದುಳಿನದನ್ನು ನುಂಗುತ್ತದೆ. ಮನಸ್ಸಲ್ಲೇ ಮಾತಾಡಿದರೆ ಏನೂ ಕಾಣುವುದಿಲ್ಲ. ಹಣೆಯಲ್ಲೂ ಇದೇ ಕಥೆ, ಒಂದು ರೆಪ್ಪೆ ಬಡಿದರೆ ಆಲ್ಫಾದ ಎಷ್ಟೋ ಪಟ್ಟು ದೊಡ್ಡ ಏಟು. ಹಣೆಗೆ ಒಂದು ಪಟ್ಟಿ ಕಟ್ಟಿ ಮಕ್ಕಳ ಏಕಾಗ್ರತೆಗೆ ಅಂಕ ಕೊಡುತ್ತೇವೆ ಅನ್ನುವವರು ಅಳೆಯುವುದು ಬಹುಪಾಲು ರೆಪ್ಪೆ ಮತ್ತು ಹುಬ್ಬು ಅಂತ ನನ್ನ ಅನುಮಾನ.

ಎಡಗೈಯ ಅಲೆ ಹಿಡಿಯಲು ನೆತ್ತಿಯ ಬಲಕ್ಕಿರುವ ಸಿ4ಗೆ ಎರಡನೇ ಮಾಡ್ಯೂಲ್ ಆರ್ಡರ್ ಹಾಕಿದ್ದೇನೆ. ಇಇಜಿಗೆಂದೇ ಇರುವ ಎಡಿಎಸ್1299 ಚಿಪ್ ತಗೋ, ಎಂಟು ಚಾನೆಲ್ ಒಟ್ಟಿಗೇ ಬರುತ್ತೆ ಅಂತಾರೆ. ಚಿಪ್ ಒಂದಕ್ಕೇ ಸಾವಿರಗಟ್ಟಲೆ, ಮನೆಯಲ್ಲಿ ಇನ್ನೂ ಕೇಳಿಲ್ಲ. ಕೋಡ್ ಬೇಕಾದವರಿಗೆ ಕೊಡುತ್ತೇನೆ, ಥ್ರೆಶೋಲ್ಡ್, ಅಂದರೆ ಎಷ್ಟು ಏರಿಳಿದರೆ ಲೆಕ್ಕಕ್ಕೆ ಅನ್ನುವ ಮಿತಿ, ಇಡುವ ಭಾಗ ಬಿಟ್ಟು.