ಮಡಿವಾಳ ಹಕ್ಕಿಗೆ ಪೆಟ್ಟಿಗೆಯೊಳಗೆ ಕ್ಯಾಮೆರಾ, ಶಿಕ್ರಾಗೆ ದೂರದಿಂದ ಬೈನಾಕ್ಯುಲರ್

ಗೂಡಿನ ಕ್ಯಾಮೆರಾ ಎಂದ ಕೂಡಲೇ ಬರುವ ಮೊದಲ ಪ್ರಶ್ನೆ: ‘ಮನೆ ಮುಂದಿನ ಮರದಲ್ಲಿ ಗೂಡಿದೆ, ಅದಕ್ಕೆ ಹೇಗೆ ಕಟ್ಟೋದು?’ ಕಟ್ಟಲೇಬಾರದು. ಮೊಟ್ಟೆಯಿಟ್ಟ ಗೂಡಿನ ಪಕ್ಕಕ್ಕೆ ಏಣಿ ಒರಗಿಸಿದರೆ ತಾಯಿ ಎದ್ದು ಹೋಗುತ್ತದೆ, ಮೊಟ್ಟೆ ಬಿಸಿಲಿಗೆ ಬೀಳುತ್ತದೆ. ನೀವು ಎಲ್ಲಿಗೆ ಹತ್ತಿದಿರಿ ಎಂದು ಪಕ್ಕದ ತೆಂಗಿನ ಮರದ ಕಾಗೆ ನೋಡಿಕೊಂಡಿರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಕಾಡುಹಕ್ಕಿಯ ಮೊಟ್ಟೆ ಅಥವಾ ಗೂಡಿಗೆ ತೊಂದರೆ ಕೊಡುವುದನ್ನು ಬೇಟೆಯ ಲೆಕ್ಕಕ್ಕೇ ಸೇರಿಸುತ್ತದೆ. ಕ್ಯಾಮೆರಾ ಮೊದಲು, ಹಕ್ಕಿ ಆಮೇಲೆ. ಈ ಕ್ರಮ ಪೊಟರೆಯಲ್ಲಿ ಗೂಡು ಮಾಡುವ ಹಕ್ಕಿಗಳಿಗೆ ಮಾತ್ರ ಸಾಧ್ಯ. ಶಿಕ್ರಾದಂಥ ಬೇಟೆ ಹಕ್ಕಿಗಳನ್ನು ನೆಲದ ಮೇಲೆ ನಿಂತೇ ನೋಡಬೇಕು.

ಪೆಟ್ಟಿಗೆ

ಮೊದಲ ಪ್ರಯತ್ನಕ್ಕೆ ಮಡಿವಾಳ ಹಕ್ಕಿ ಒಳ್ಳೆಯದು. ಮನೆಯ ಹತ್ತಿರ ಇರುತ್ತದೆ, ಪೆಟ್ಟಿಗೆಗೆ ಹೆಚ್ಚು ಬಿಗುಮಾನ ಮಾಡುವುದಿಲ್ಲ, ನಮ್ಮಲ್ಲಿ ಮಾರ್ಚ್‌ನಿಂದ ಜುಲೈ ತನಕ ಮರಿ ಮಾಡುತ್ತದೆ. ಆದ್ದರಿಂದ ಜನವರಿ ಮುಗಿಯುವುದರೊಳಗೆ ಪೆಟ್ಟಿಗೆ ಗೋಡೆ ಏರಿರಬೇಕು.

ಮುಕ್ಕಾಲು ಇಂಚು ದಪ್ಪದ ಸಿಲ್ವರ್ ಓಕ್ ಹಲಗೆ ಸಾಕು. ಪ್ಲೈವುಡ್ ಬೇಡ, ಒಂದು ಮಳೆಗಾಲಕ್ಕೆ ಪದರ ಬಿಡುತ್ತದೆ. ಒಳಗಿನ ತಳ 6×6 ಇಂಚು, ಒಳ ಎತ್ತರ 14 ಇಂಚು, ಅದರ ಮೇಲೆ 3 ಇಂಚಿನ ಅಟ್ಟ. ಕ್ಯಾಮೆರಾ, ವೈರು, ಜಾಯಿಂಟ್ ಎಲ್ಲ ಈ ಅಟ್ಟದಲ್ಲೇ ಇರಬೇಕು. ಅಟ್ಟದ ತಳದಲ್ಲಿ ಒಂದು ಇಂಚಿನ ತೂತು ಮಾಡಿ ಲೆನ್ಸ್ ಮಾತ್ರ ಇಣುಕುವಂತೆ ಕೂರಿಸಿ. ಹಕ್ಕಿ ಬರುವ ಬಾಗಿಲು 2 ಇಂಚು ಅಗಲ, ತಳದಿಂದ 7 ಇಂಚು ಮೇಲೆ. ಅದಕ್ಕಿಂತ ದೊಡ್ಡದು ಮಾಡಿದರೆ ಗೊರವಂಕಕ್ಕೆ ಕರೆದು ಮನೆ ಕೊಟ್ಟ ಹಾಗೆ. ಗುಬ್ಬಿಗಾದರೆ ಒಂದೂಕಾಲು ಇಂಚು ಸಾಕು. ಬಾಗಿಲ ಕೆಳಗೆ ಕೂರಲೆಂದು ಕಡ್ಡಿ ನೆಡುವುದು ಅಂಗಡಿಯವರ ಅಲಂಕಾರ; ಹಕ್ಕಿಗೆ ಅದು ಬೇಡ, ಅಳಿಲಿಗೆ ಅನುಕೂಲ. ಬಾಗಿಲಿನ ಒಳಬದಿಯ ಹಲಗೆಗೆ ಗರಗಸದಿಂದ ಅಡ್ಡ ಗೀರು ಹಾಕಿ. ನುಣುಪಾಗಿದ್ದರೆ ಬಲಿತ ಮರಿ ಹತ್ತಲಾಗದೆ ತಳದಲ್ಲೇ ಜಾರುತ್ತಿರುತ್ತದೆ. ತಳದ ನಾಲ್ಕು ಮೂಲೆಗೂ 6 ಮಿ.ಮೀ. ತೂತು, ಬಾಗಿಲ ಮೇಲೆ 2 ಇಂಚು ಮುಂಚಾಚಿದ ಸೂರು. ಒಳಗೆ ಬಣ್ಣ, ವಾರ್ನಿಷ್ ಯಾವುದೂ ಬೇಡ.

ನೆಲದಿಂದ 8ರಿಂದ 10 ಅಡಿ ಮೇಲೆ, ಬೆಕ್ಕು ಜಿಗಿಯಲಾಗದ ಬರಿ ಗೋಡೆಗೆ, ಬಾಗಿಲು ಪೂರ್ವಕ್ಕೋ ಉತ್ತರಕ್ಕೋ ಇರುವಂತೆ ಹಾಕಿ. ಪಡುವಣ ಗೋಡೆಯಲ್ಲಿ ಏಪ್ರಿಲ್ ಬಿಸಿಲು ಮರಿಗಳನ್ನು ಬೇಯಿಸುತ್ತದೆ, ಜೂನ್ ಇರಚಲು ನೆನೆಸುತ್ತದೆ.

ಕ್ಯಾಮೆರಾ ಕೈಕೊಡುವುದು ಎಲ್ಲಿ

ಸಾಮಾನ್ಯ ಸಿಸಿಟಿವಿ ಕ್ಯಾಮೆರಾ ಕೂರಿಸಿದವರಿಗೆ ಮೊದಲು ಕಾಣುವುದು ಮಸುಕು ಚಿತ್ರ. ಅದರ ಫೋಕಸ್ ಗೇಟಿನ ದೂರಕ್ಕೆ ಇಟ್ಟಿರುತ್ತದೆ. ನಮ್ಮ ಗೂಡು ಲೆನ್ಸ್‌ನಿಂದ 10–11 ಇಂಚು ಕೆಳಗೆ. ಕೊಳ್ಳುವಾಗಲೇ ಎಂ12 (12 ಮಿ.ಮೀ. ಅಗಲದ) ತಿರುಪಿನ 3.6 ಮಿ.ಮೀ. ಲೆನ್ಸ್ ಇರುವುದನ್ನು ಆರಿಸಿ. ಲೆನ್ಸ್‌ನ ಬುಡದಲ್ಲಿ ಹಚ್ಚಿದ ಅಂಟಿನ ಬೊಟ್ಟನ್ನು ಬ್ಲೇಡಿನ ಮೊನೆಯಿಂದ ಬಿಡಿಸಿ, ಲೆನ್ಸನ್ನು ಹೊರಕ್ಕೆ ತಿರುಗಿಸಬೇಕು. ಎಷ್ಟು? ಹತ್ತನೇ ಒಂದು ಸುತ್ತಿನ ಆಸುಪಾಸು, ಅಷ್ಟೇ. ಈ ತಿರುಪು ಪೂರ್ತಿ ಸುತ್ತಿಗೆ ಅರ್ಧ ಮಿಲಿಮೀಟರ್ ಮಾತ್ರ ಸರಿಯುತ್ತದೆ, ಇಲ್ಲಿ ಬೇಕಾದದ್ದು ಮಿಲಿಮೀಟರಿನ ಇಪ್ಪತ್ತರಲ್ಲೊಂದು ಪಾಲು. ಎರಡು ಸುತ್ತು ತಿರುಗಿಸಿ ‘ಕ್ಯಾಮೆರಾ ಹಾಳು’ ಎನ್ನುವವರೇ ಜಾಸ್ತಿ. ತಳದಿಂದ 3 ಇಂಚು ಎತ್ತರಕ್ಕೆ ಒಣಹುಲ್ಲು ತುಂಬಿ, ಮೇಲೆ ಅಕ್ಷರವಿರುವ ಕಾಗದದ ಚೂರು ಇಟ್ಟು, ಓದಲು ಬರುವ ತನಕ ಹೊಂದಿಸಿ. ಈ ಕೆಲಸ ಪೆಟ್ಟಿಗೆ ಮುಚ್ಚಿ, ಇನ್‌ಫ್ರಾರೆಡ್ ದೀಪ ಹೊತ್ತಿಸಿಕೊಂಡೇ ಆಗಬೇಕು. ಹಗಲು ಬೆಳಕಿನ ಫೋಕಸ್ ಇನ್‌ಫ್ರಾರೆಡ್‌ನಲ್ಲಿ ತುಸು ಜಾರುತ್ತದೆ.

ಅಷ್ಟು ಹತ್ತಿರದಿಂದ ಇನ್‌ಫ್ರಾರೆಡ್ ಬಿದ್ದರೆ ಮರಿಗಳು ಸುಣ್ಣದ ಉಂಡೆಗಳಂತೆ ಬೆಳ್ಳಗೆ ಕಾಣುತ್ತವೆ. ಅರ್ಧ ಎಲ್‌ಇಡಿಗಳ ಮೇಲೆ ಕಪ್ಪು ಟೇಪು, ಉಳಿದವಕ್ಕೆ ಒಂದು ಪದರ ಬಟರ್ ಪೇಪರ್ ಹಾಕಿ. ಸಿಕ್ಕರೆ 850ರ ಬದಲು 940 ನ್ಯಾನೊಮೀಟರಿನ ಇನ್‌ಫ್ರಾರೆಡ್ ದೀಪವಿರುವುದನ್ನು ಕೊಳ್ಳಿ. ಕೆಂಪು ಮಿಣುಕು ಇರುವುದಿಲ್ಲ. ಹಗಲಲ್ಲಿ ಬಣ್ಣದ ಚಿತ್ರ ಬೇಕಿದ್ದರೆ ಉತ್ತರದ ಗೋಡೆಯ ಮೇಲ್ತುದಿಯಲ್ಲಿ 1×2 ಇಂಚಿನ ಹಾಲುಬಣ್ಣದ ಅಕ್ರಿಲಿಕ್ ಕಿಂಡಿ ಕೊಡಿ.

ಇನ್ನೊಂದು ಕಾಟ: ಹಗಲೆಲ್ಲ ಚೆನ್ನಾಗಿದ್ದ ಕ್ಯಾಮೆರಾ ಕತ್ತಲಾದೊಡನೆ ಆರಿ ಹೊತ್ತಿ ಮಾಡುತ್ತದೆ. ಎಲ್ಲರೂ ವೈಫೈಯನ್ನು ಬೈಯುತ್ತಾರೆ. ತಪ್ಪು ವೈರಿನದು. 5 ವೋಲ್ಟನ್ನು 20 ಮೀಟರ್ ತೆಳು ತಂತಿಯಲ್ಲಿ ಕಳಿಸಿದರೆ, ಎಲ್‌ಇಡಿ ಹೊತ್ತಿ ಅರ್ಧ ಆಂಪಿಯರ್ ಎಳೆಯುವಾಗ ದಾರಿಯಲ್ಲೇ ಒಂದೂವರೆ ವೋಲ್ಟಿಗಿಂತ ಹೆಚ್ಚು ಸೋರಿಹೋಗುತ್ತದೆ. ಮನೆಯಿಂದ 12 ವೋಲ್ಟ್ ಕಳಿಸಿ, ಅಟ್ಟದಲ್ಲಿ ಬಕ್ ಕನ್ವರ್ಟರ್ ಇಟ್ಟು 5ಕ್ಕೆ ಇಳಿಸಿ. ಪಿಒಇ (ನೆಟ್‌ವರ್ಕ್ ಕೇಬಲ್‌ನಲ್ಲೇ ವಿದ್ಯುತ್ತೂ ಬರುವ) ಕ್ಯಾಮೆರಾ ಆದರೆ ಈ ತಲೆನೋವಿಲ್ಲ. ಒಂದೇ ಕೇಬಲ್ಲು, 100 ಮೀಟರ್ ತನಕ ಸರಿ. ಕೇಬಲ್ ಪೆಟ್ಟಿಗೆಗೆ ಹೋಗುವ ಮುನ್ನ ಕೆಳಕ್ಕೆ ಜೋತು ಮತ್ತೆ ಮೇಲೇರಲಿ, ಮಳೆನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ. ಪೆಟ್ಟಿಗೆಯಿಂದ ಎರಡಡಿ ಆಚೆ ಕೇಬಲ್‌ಗೆ ಗ್ರೀಸ್ ಬಳಿಯಿರಿ. ಇರುವೆಗೆ ಅದೇ ಹೆದ್ದಾರಿ. ಆಗತಾನೇ ಒಡೆದ ಮರಿಗಳನ್ನು ಒಂದು ರಾತ್ರಿಯಲ್ಲಿ ಮುಗಿಸಿಬಿಡುತ್ತದೆ. ಗ್ರೀಸು ಪೆಟ್ಟಿಗೆಗೆ ತಾಗದಿರಲಿ, ಗರಿಗೆ ಮೆತ್ತಿಕೊಂಡರೆ ಬಿಡಿಸಲಾಗದು.

ಗೂಡು ಕಟ್ಟಲು ಶುರುವಾದ ಮೇಲೆ ಮುಚ್ಚಳ ತೆಗೆಯುವಂತಿಲ್ಲ. ಲೆನ್ಸಿಗೆ ಜೇಡ ಬಲೆ ಕಟ್ಟಿದರೂ ಸೈರಿಸಿಕೊಳ್ಳಿ. ದಿನಕ್ಕೊಂದರಂತೆ ನಾಲ್ಕೈದು ಮೊಟ್ಟೆ ಬೀಳುತ್ತವೆ, ಕಾವು ಕೊಡುವುದು ಹೆಣ್ಣೊಂದೇ. ಆ ದಿನಗಳಲ್ಲಿ ಗೂಡು ಆಗಾಗ ಖಾಲಿ ಕಂಡರೆ ಗಾಬರಿ ಬೇಡ, ಅದೂ ಹೊಟ್ಟೆಗೆ ತಿನ್ನಬೇಕಲ್ಲ.

ಬೇಟೆ ಹಕ್ಕಿ

ಮೊದಲು ಪರದೆಯ ಮೇಲೆ ಕಣ್ಣು ಪಳಗಿಸಿಕೊಳ್ಳಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯ 2012ರಿಂದ ಇಥಾಕಾದ ಕ್ರೀಡಾಂಗಣದ ದೀಪದ ಕಂಬವೊಂದರ ಮೇಲಿನ ಕೆಂಪುಬಾಲದ ಗಿಡುಗದ ಗೂಡನ್ನು ನೇರ ಪ್ರಸಾರದಲ್ಲಿ ತೋರಿಸಿದೆ. ಮಾರ್ಚ್ ಮಧ್ಯದಲ್ಲಿ ಮೊಟ್ಟೆ, ಏಪ್ರಿಲ್ ಕೊನೆಗೆ ಮರಿ, ಜೂನ್ ಮೊದಲಲ್ಲಿ ಹಾರಾಟ. ಆ ದಿನಗಳಲ್ಲಿ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂಬತ್ತೂವರೆ ಗಂಟೆ ಹಿಂದೆ: ಅಲ್ಲಿ ಬೆಳಗಿನ ಆರು ನಮಗೆ ಮಧ್ಯಾಹ್ನ ಮೂರೂವರೆ. ಬೆಳಗಿನ ಮೊದಲ ಊಟ ನೋಡಲು ಚಹಾದ ಹೊತ್ತಿಗೆ ಕೂತರೆ ಆಯಿತು.

ತಾಯಿ ಕಾಲಡಿಯಲ್ಲಿ ಬೇಟೆಯನ್ನು ಒತ್ತಿ ಹಿಡಿದು, ಅಕ್ಕಿಕಾಳಿನಷ್ಟು ಚೂರು ಕಿತ್ತು, ಕೊಕ್ಕು ಓರೆ ಮಾಡಿ ಮರಿಯ ಮುಂದೆ ಅಲುಗದೆ ಹಿಡಿಯುತ್ತದೆ. ಮರಿ ಗುರಿತಪ್ಪಿ ಎರಡು ಸಲ ಗಾಳಿಯನ್ನೇ ಕುಕ್ಕಿ, ಮೂರನೆಯ ಸಲ ಕಚ್ಚುತ್ತದೆ. ಆಮೇಲೆ ಮರಿಯ ಗಂಟಲ ಚೀಲ ನೋಡಿ. ಉಬ್ಬಿದ್ದರೆ ಹೊಟ್ಟೆ ತುಂಬಿದೆ, ಅಣ್ಣನ ಕುಕ್ಕಾಟ ಕಂಡು ಮರುಗಬೇಕಿಲ್ಲ. ಇನ್ನೊಂದು, ಮರಿ ಹಿಂದೆ ಸರಿದು, ಬಾಲವೆತ್ತಿ ಗೂಡಿನಾಚೆ ಹಿಕ್ಕೆಯನ್ನು ಚಿಮ್ಮಿಸುವುದು. ಇದು ನಿಮ್ಮ ತೋಟದಲ್ಲಿ ಉಪಯೋಗಕ್ಕೆ ಬರುತ್ತದೆ.

ಏಕೆಂದರೆ ಶಿಕ್ರಾ ಗೂಡು ಹುಡುಕಬೇಕಾದದ್ದು ಮರದ ಬುಡದಲ್ಲಿ. ಕೆಲವರು ಬಿಜ್ಜು ಎನ್ನುವ ಈ ಹಕ್ಕಿ ಪಾರಿವಾಳದ ಗಾತ್ರದ್ದು. ಮಾವು, ಹಲಸಿನಂಥ ಮರದ ಕವಲಿನಲ್ಲಿ ಕಾಗೆಗೂಡಿನ ಹಾಗೆ ಕಡ್ಡಿ ಪೇರಿಸುತ್ತದೆ. ಏಪ್ರಿಲ್, ಮೇಯಲ್ಲಿ ತರಗೆಲೆಯ ಮೇಲೆ ಸುಣ್ಣ ಎರಚಿದಂಥ ಗೆರೆ, ಓತಿಕ್ಯಾತದ ಬಾಲ, ಕಿತ್ತ ಗರಿ ಕಂಡರೆ ತಲೆಯೆತ್ತಿ. ಗರಿಯ ದಂಟು ಬುಡದ ತನಕ ಇಡಿಯಾಗಿದ್ದರೆ ಶಿಕ್ರಾ ಕಿತ್ತದ್ದು, ಜಗಿದು ತುಂಡಾಗಿದ್ದರೆ ಬೆಕ್ಕಿನ ಕೆಲಸ.

ದನಿಯನ್ನು ಮಾತ್ರ ನಂಬಬೇಡಿ. ಕಾಜಾಣ ಶಿಕ್ರಾ ಕೂಗನ್ನು ತದ್ರೂಪು ಕೂಗಿ ಅಣಕಿಸುತ್ತದೆ. ರೂಪಕ್ಕೂ ಮೋಸಗಾರನಿದ್ದಾನೆ: ಬೇಸಿಗೆಯಲ್ಲಿ ಏರುದನಿಯಲ್ಲಿ ಕೂಗುವ ಗಿಡುಗ ಕೋಗಿಲೆ ಹಾರಾಟದಲ್ಲೂ ಶಿಕ್ರಾವನ್ನೇ ಹೋಲುತ್ತದೆ. ಅದರ ಕಣ್ಣಿನ ಸುತ್ತ ಹಳದಿ ಉಂಗುರವಿದೆ, ಕೊಕ್ಕು ಗಿಡುಗನ ಹಾಗೆ ಕೊಕ್ಕೆಯಲ್ಲ. ಗಂಡು ಶಿಕ್ರಾದ ಕಣ್ಣು ಕೆಂಪು, ಹೆಣ್ಣಿನದು ಹಳದಿ ಬಣ್ಣಕ್ಕೆ ಹತ್ತಿರ.

8×42 ಬೈನಾಕ್ಯುಲರ್, 30 ಮೀಟರ್ ದೂರ, ಒಂದೇ ಜಾಗ, ದಿನಕ್ಕೆ ಅರ್ಧ ಗಂಟೆ. ಗಂಟೆ, ಯಾರು ಬಂದರು, ಕಾಲಲ್ಲಿ ಏನಿತ್ತು ಎಂದಷ್ಟೇ ಬರೆಯಿರಿ. ಹಕ್ಕಿ ನಿಮ್ಮನ್ನೇ ದಿಟ್ಟಿಸಿ ಕೂಗತೊಡಗಿದರೆ ಹತ್ತು ಹೆಜ್ಜೆ ಹಿಂದಕ್ಕೆ. ಮೊಬೈಲಿನಲ್ಲಿ ಕೂಗು ಹಾಕಿ ಕರೆಯುವ ಚಾಳಿ ಬೇಡ, ಗೂಡಿನ ಲೊಕೇಶನ್ ಗುಂಪುಗಳಿಗೆ ಕಳಿಸಲೂಬೇಡಿ. ತಾರಸಿ ಪಕ್ಕ ಗೂಡು ಮಾಡಿದ ಹದ್ದು ತಲೆಗೆ ಎರಗುತ್ತಿದ್ದರೆ, ಮರಿ ಹಾರುವ ತನಕ ಬಟ್ಟೆ ಒಣಹಾಕಲು ಕೊಡೆ ಹಿಡಿದು ಹೋಗಿ; ಅಷ್ಟೇ ಸಾಕಾಗುತ್ತದೆ.

ಗರಿ ತುಂಬಿದ ಮರಿ ಕೆಳಗೆ ಕೂತಿದ್ದರೆ ನಾಯಿ, ಬೆಕ್ಕನ್ನು ದೂರವಿಟ್ಟು ಬಿಟ್ಟುಬಿಡಿ. ಹಾರಲು ಕಲಿಯುವಾಗ ಅದು ಮಾಮೂಲು, ತಾಯಿ ಅಲ್ಲಿಗೇ ತಿನಿಸು ತರುತ್ತದೆ. ಬಿಳಿ ನವಿರು ಮಾತ್ರ ಇರುವ ಮರಿಯಾದರೆ ಗಾಳಿತೂತಿನ ರಟ್ಟಿನ ಡಬ್ಬದಲ್ಲಿ ಕತ್ತಲಲ್ಲಿಟ್ಟು ಅರಣ್ಯ ಇಲಾಖೆಗೆ ಫೋನ್ ಮಾಡಿ. ಬಾಯಿಗೆ ನೀರು ಬಿಡಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ.