ನಿದ್ದೆ ಮಾತ್ರೆ: ನುಂಗುವ ಮುನ್ನ, ನುಂಗಿದ ಮೇಲೆ, ಬಿಡುವಾಗ

ನಿದ್ದೆ ಮಾತ್ರೆ ಅಂತ ಒಂದೇ ಹೆಸರಿನಿಂದ ಕರೆದರೂ ಅವೆಲ್ಲ ಒಂದೇ ಜಾತಿಯವಲ್ಲ. ಜೋಲ್ಪಿಡೆಮ್ ಸುಮಾರು ಅರ್ಧ ಗಂಟೆಯಲ್ಲಿ ಕೆಲಸ ಶುರು ಮಾಡುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ಸಾಮಾನ್ಯವಾಗಿ ಎರಡೂವರೆ ಗಂಟೆ ಸಾಕು. ಕ್ಲೋನಾಜೆಪಾಮ್ ಹಾಗೆ ಅರ್ಧಕ್ಕಿಳಿಯಲು 30ರಿಂದ 40 ಗಂಟೆ ಬೇಕು. ಡಯಾಜೆಪಾಮ್ ಮತ್ತು ಅದು ಒಡೆದು ಹುಟ್ಟುವ ವಸ್ತುಗಳು ದಿನಗಟ್ಟಲೆ ಮೈಯಲ್ಲಿ ಉಳಿಯುತ್ತವೆ. ಅಂದರೆ ಇವನ್ನು ದಿನವೂ ತೆಗೆದುಕೊಳ್ಳುವವರು ಇವತ್ತಿನ ಮಾತ್ರೆಯನ್ನು ನಿನ್ನೆ, ಮೊನ್ನೆಯ ಮಾತ್ರೆಗಳ ಉಳಿಕೆಯ ಮೇಲೆ ನುಂಗುತ್ತಿರುತ್ತಾರೆ. ಆದ್ದರಿಂದ ಚೀಟಿ ಕೈಗೆ ಬಂದಾಗ ವೈದ್ಯರನ್ನು ಮೂರು ಪ್ರಶ್ನೆ ಕೇಳಿ: ಇದು ಎಷ್ಟು ಹೊತ್ತು ಮೈಯಲ್ಲಿರುತ್ತದೆ? ಎಷ್ಟು ದಿನದ ಮಟ್ಟಿಗೆ? ನಿಲ್ಲಿಸುವುದು ಹೇಗೆ? ಮೂರನೆಯದನ್ನು ಬಹಳ ಜನ ಕೇಳುವುದೇ ಇಲ್ಲ. ಮುಂದೆ ಹೆಚ್ಚು ಕಾಡುವುದು ಅದೇ.

ನೀವಾಗಿ ಹೇಳಲೇಬೇಕಾದ ಸಂಗತಿಗಳೂ ಇವೆ. ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟಿ ಬೆಚ್ಚಿ ಏಳುವುದು, ಶ್ವಾಸಕೋಶ ಅಥವಾ ಲಿವರ್ ಕಾಯಿಲೆ, ಗರ್ಭ, ಹಾಲೂಡಿಸುತ್ತಿರುವುದು, ಖಿನ್ನತೆ, ಬದುಕೇ ಬೇಡವೆನ್ನುವ ಯೋಚನೆ, ಹಿಂದೆ ನಿದ್ದೆಯಲ್ಲಿ ಎದ್ದು ನಡೆದದ್ದು, ಕುಡಿತ. ಇವುಗಳಲ್ಲಿ ಒಂದೊಂದೂ ಮಾತ್ರೆಯ ಆಯ್ಕೆಯನ್ನೇ ಬದಲಿಸಬಹುದು. ಉಸಿರು ಕಟ್ಟುವ ತೊಂದರೆಯಿದ್ದು ಅದು ಗೊತ್ತಾಗದೇ ಹೋದರೆ, ಬೆಚ್ಚಿ ಎಬ್ಬಿಸುವ ಎಚ್ಚರವನ್ನೇ ಮಾತ್ರೆ ಮಂದಗೊಳಿಸಬಹುದು.

ಇನ್ನು ರಾತ್ರಿಯ ವಿಷಯ. ಮಲಗುವ ಕೋಣೆಗೆ ಹೋಗಿ, ಬಾಗಿಲು ಹಾಕಿ, ಒಲೆ ಆರಿಸಿದ್ದೇವೆಯೇ ಎಂದು ನೋಡಿ, ಫೋನು ಬದಿಗಿಟ್ಟು, ಹಾಸಿಗೆಯ ಮೇಲೆ ಕುಳಿತ ನಂತರವೇ ಮಾತ್ರೆ ನುಂಗಬೇಕು. ‘ಈಗಲೇ ತೆಗೆದುಕೊಂಡರೆ ಕೆಲಸ ಮುಗಿಯುವಷ್ಟರಲ್ಲಿ ನಿದ್ದೆ ಬರುತ್ತದೆ’ ಎಂಬ ಲೆಕ್ಕ ಅಪಾಯದ್ದು. ಮಾತ್ರೆ ಹತ್ತಿದ ಮೇಲೂ ಎಚ್ಚರವಿದ್ದರೆ ತಲೆ ತಿರುಗುತ್ತದೆ, ಆ ಹೊತ್ತಿನಲ್ಲಿ ಆಡಿದ್ದು ಮಾಡಿದ್ದು ಬೆಳಿಗ್ಗೆ ನೆನಪಿರುವುದಿಲ್ಲ.

ಏಳುವ ಹೊತ್ತಿನಿಂದ ಹಿಂದಕ್ಕೆ ಎಣಿಸಿ. ಜೋಲ್ಪಿಡೆಮ್‌ಗೆ 7ರಿಂದ 8 ಗಂಟೆ ಮಲಗಲು ಬಿಡುವಿರಬೇಕು. ಬೆಳಿಗ್ಗೆ 6ಕ್ಕೆ ಏಳಲೇಬೇಕೆಂದಿದ್ದರೆ ರಾತ್ರಿ 11ರ ನಂತರ ಬೇಡ. ನಡುರಾತ್ರಿ 2ಕ್ಕೆ ಎಚ್ಚರವಾಯಿತೆಂದು ಆಗ ನುಂಗಿದರೆ, ಗಡಿಯಾರ 6 ಹೊಡೆದಾಗ ಏಳುವುದು ನೀವು ಮಾತ್ರ, ನಿಮ್ಮ ಗಮನ ಇನ್ನೂ ಹಾಸಿಗೆಯಲ್ಲೇ ಇರುತ್ತದೆ. ನಡುರಾತ್ರಿಗೆಂದೇ ಕಡಿಮೆ ಪ್ರಮಾಣದಲ್ಲಿ ತಯಾರಾದ ಮಾತ್ರೆಗಳಿವೆ. ಅವನ್ನು ವೈದ್ಯರು ಹಾಗೆಂದೇ ಬರೆದುಕೊಟ್ಟಿರಬೇಕು.

ಹೊಟ್ಟೆ ತುಂಬ ಉಂಡ ಕೂಡಲೇ ಜೋಲ್ಪಿಡೆಮ್ ನುಂಗಿದರೆ ಅದು ರಕ್ತಕ್ಕೆ ಸೇರುವುದು ತಡ. ಗಂಡಾಂತರ ಹುಟ್ಟುವುದು ಇಲ್ಲಿಯೇ. ಮುಕ್ಕಾಲು ಗಂಟೆಯಾದರೂ ನಿದ್ದೆಯಿಲ್ಲ, ‘ಇವತ್ತು ಹಿಡಿಯಲಿಲ್ಲ’ ಎಂದು ಇನ್ನೊಂದು ನುಂಗುತ್ತಾರೆ. ಆಮೇಲೆ ಎರಡೂ ಒಟ್ಟಿಗೆ ಏರುತ್ತವೆ. ಇದಕ್ಕಿಂತ ಕೆಟ್ಟದ್ದು, ಮೊದಲನೆಯದನ್ನು ನುಂಗಿದ್ದೇ ಮರೆತು ಎರಡನೆಯದನ್ನು ನುಂಗುವುದು. ಮರೆವು ಈ ಮಾತ್ರೆಗಳ ಗುಣವೇ ಆದ್ದರಿಂದ ಇದು ಬುದ್ಧಿವಂತರಿಗೂ ಆಗುತ್ತದೆ. ಉಪಾಯ ಸುಲಭ: ಪೂರ್ತಿ ಸ್ಟ್ರಿಪ್ಪನ್ನು ತಲೆದಿಂಬಿನ ಬಳಿ ಇಡಬೇಡಿ. ಆ ರಾತ್ರಿಯದ್ದೊಂದನ್ನು ಮಾತ್ರ ಹೊರಗೆ ತೆಗೆದು, ಉಳಿದದ್ದನ್ನು ಬೇರೆ ಕೋಣೆಯ ಬೀರುವಿನಲ್ಲಿ ಬೀಗ ಹಾಕಿಡಿ. ಖಾಲಿಯಾದ ಗುಳಿಯ ಪಕ್ಕದಲ್ಲಿ ಪೆನ್ನಿನಿಂದ ತಾರೀಖು ಬರೆಯಿರಿ. ಸಂಶಯ ಬಂದರೆ ನೆನಪನ್ನಲ್ಲ, ಸ್ಟ್ರಿಪ್ಪನ್ನು ನಂಬಿ. ಅದೂ ಖಚಿತವಾಗಿ ಹೇಳದಿದ್ದರೆ ಆ ರಾತ್ರಿ ಬಿಟ್ಟುಬಿಡಿ. ಒಂದು ರಾತ್ರಿಯ ನಿದ್ದೆಗೇಡು ತಡೆದುಕೊಳ್ಳಬಹುದಾದದ್ದು.

ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗಳನ್ನು ಮುರಿಯಬಾರದು, ಪುಡಿ ಮಾಡಬಾರದು. ಇಡೀ ರಾತ್ರಿಗೆ ಹಂಚಿಹೋಗಬೇಕಾದ ಮದ್ದು ಒಮ್ಮೆಲೇ ಇಳಿದುಬಿಡುತ್ತದೆ. ನಾಲಿಗೆಯಡಿ ಇಡುವ ಮಾತ್ರೆಯನ್ನು ನೀರಿನ ಜೊತೆ ನುಂಗಬಾರದು.

ಪ್ರಮಾಣದ ಬಗ್ಗೆ ಒಂದು ಮಾತು. ಮಹಿಳೆಯರ ದೇಹದಿಂದ ಜೋಲ್ಪಿಡೆಮ್ ಹೊರಹೋಗುವುದು ನಿಧಾನ. 2013ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಮಹಿಳೆಯರಿಗೆ ಶಿಫಾರಸಾಗಿದ್ದ 10 ಮಿಲಿಗ್ರಾಂ ಪ್ರಮಾಣವನ್ನು 5ಕ್ಕೆ, ನಿಧಾನ ಬಿಡುಗಡೆಯ 12.5 ಅನ್ನು 6.25ಕ್ಕೆ ಇಳಿಸಿತು. ಮರುದಿನ ಬೆಳಿಗ್ಗೆಯೂ ಗಾಡಿ ಓಡಿಸಲು ಅಡ್ಡಿಯಾಗುವಷ್ಟು ಮದ್ದು ರಕ್ತದಲ್ಲಿ ಉಳಿಯುತ್ತಿತ್ತು ಎಂಬುದೇ ಕಾರಣ. ನಿಧಾನ ಬಿಡುಗಡೆಯದನ್ನು ತೆಗೆದುಕೊಂಡ ಮರುದಿನ ಗಾಡಿಯನ್ನೇ ಓಡಿಸಬೇಡಿ ಎಂದೂ ಆ ಸಂಸ್ಥೆ ಎಚ್ಚರಿಸಿತು. ‘ನನಗೇನೂ ಮಬ್ಬಿಲ್ಲ’ ಎಂಬ ಅನಿಸಿಕೆ ಇಲ್ಲಿ ಪುರಾವೆಯಲ್ಲ. ಲವಲವಿಕೆ ಮರಳಿದರೂ ಕೈಕಾಲಿನ ಚುರುಕು ಮರಳಿರುವುದಿಲ್ಲ. ಹೊಸ ಮಾತ್ರೆಯ ಮೊದಲ ರಾತ್ರಿಗೆ, ಮರುದಿನ ಎಲ್ಲಿಗೂ ಹೋಗಬೇಕಿಲ್ಲದ ದಿನವನ್ನೇ ಆರಿಸಿಕೊಳ್ಳಿ.

ನಿದ್ದೆಯಲ್ಲೇ ಎದ್ದು ಅಡುಗೆ ಮಾಡುವುದು, ತಿನ್ನುವುದು, ಯಾರಿಗೋ ಫೋನು ಮಾಡುವುದು, ಕಾರು ಓಡಿಸಿಕೊಂಡು ಹೋಗುವುದು: ಇವು ಕಟ್ಟುಕಥೆಗಳಲ್ಲ. ಜೋಲ್ಪಿಡೆಮ್, ಎಸ್ಜೋಪಿಕ್ಲೋನ್, ಜಲೆಪ್ಲಾನ್ ಎಂಬ ನಿದ್ದೆ ಮಾತ್ರೆಗಳ ಮಾಹಿತಿ ಪತ್ರದಲ್ಲಿ 2019ರಿಂದ ಅಮೆರಿಕದಲ್ಲಿ ಇದಕ್ಕಾಗಿಯೇ ಅತಿ ಗಂಭೀರ ಎಚ್ಚರಿಕೆ ಇದೆ. ಕಡಿಮೆ ಪ್ರಮಾಣದಲ್ಲೂ, ಮೊದಲ ಮಾತ್ರೆಯಲ್ಲೇ ಇದು ಆಗಬಹುದು. ಬೆಳಿಗ್ಗೆ ಅಡುಗೆಮನೆಯಲ್ಲಿ ನೀವು ಇಟ್ಟಿಲ್ಲದ ತಟ್ಟೆ ಕಂಡರೆ, ಫೋನಿನಲ್ಲಿ ನೆನಪಿಲ್ಲದ ಕರೆ ಇದ್ದರೆ ತಳ್ಳಿಹಾಕಬೇಡಿ. ಒಮ್ಮೆ ಹೀಗಾದರೂ ಆ ಮಾತ್ರೆ ಮತ್ತೆ ನುಂಗದೆ ವೈದ್ಯರಿಗೆ ತಿಳಿಸಿ. ಜೊತೆಗೆ ಮಲಗುವವರಿಗೆ ಮೊದಲೇ ಹೇಳಿಡುವುದು, ಗಾಡಿಯ ಕೀಲಿಯನ್ನು ಅವರ ಬಳಿ ಕೊಡುವುದು ಒಳ್ಳೆಯದು.

ಬೆರಕೆಯಲ್ಲಿ ಮೊದಲ ಶತ್ರು ಮದ್ಯ. ಮಾತ್ರೆಯೂ ಮದ್ಯವೂ ಮಿದುಳನ್ನು ಒಂದೇ ದಿಕ್ಕಿಗೆ ಒತ್ತುತ್ತವೆ, ಕೊನೆಗೆ ಉಸಿರಾಟದ ಲಯವೇ ಮಂದವಾಗುತ್ತದೆ. ಸಂಜೆ ಕುಡಿದಿದ್ದರೆ ಆ ರಾತ್ರಿ ಮಾತ್ರೆ ಇಲ್ಲ, ‘ಸ್ವಲ್ಪವೇ’ ಎಂಬ ರಿಯಾಯಿತಿಯೂ ಇಲ್ಲ. ಟ್ರಾಮಡಾಲ್, ಮಾರ್ಫಿನ್‌ನಂಥ ನೋವಿನ ಮದ್ದು, ಕೋಡೀನ್ ಇರುವ ಕೆಮ್ಮಿನ ಸಿರಪ್, ನರನೋವಿಗೆ ಕೊಡುವ ಪ್ರೆಗಾಬಾಲಿನ್, ಮಂಪರು ತರುವ ಅಲರ್ಜಿ ಮಾತ್ರೆ ಇವುಗಳದ್ದೂ ಅದೇ ಕಥೆ. ಇನ್ನು ಕೆಲವು ಮದ್ದುಗಳು ಲಿವರಿನ ಮೂಲಕ ಆಟವಾಡುತ್ತವೆ: ಕೀಟೋಕೊನಜೋಲ್‌ನಂಥ ಶಿಲೀಂಧ್ರದ ಮಾತ್ರೆ ಜೊತೆಯಾದರೆ ಜೋಲ್ಪಿಡೆಮ್ ಹೆಚ್ಚು ಹೊತ್ತು ಉಳಿಯುತ್ತದೆ, ಕ್ಷಯದ ರಿಫಾಂಪಿಸಿನ್ ಜೊತೆಯಾದರೆ ಬೇಗ ಕರಗಿಹೋಗುತ್ತದೆ. ಬೇರೆ ಕಾಯಿಲೆಗೆ ಬೇರೆ ವೈದ್ಯರ ಬಳಿ ಹೋದಾಗ ನಿದ್ದೆ ಮಾತ್ರೆಯ ಸ್ಟ್ರಿಪ್ಪನ್ನೂ ಒಯ್ದು ತೋರಿಸಿ.

ಅರವತ್ತೈದು ದಾಟಿದವರಿಗೆ ಸಾಧ್ಯವಾದಷ್ಟೂ ಈ ಮಾತ್ರೆಗಳು ಬೇಡ ಎಂಬುದೇ ವೃದ್ಧರ ಆರೈಕೆ ಬಲ್ಲವರ ಸಲಹೆ. ರಾತ್ರಿ ಮೂತ್ರಕ್ಕೆಂದು ಎದ್ದವರು ತೂರಾಡಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುತ್ತಾರೆ. ತೆಗೆದುಕೊಳ್ಳಲೇಬೇಕಾದರೆ ಅತಿ ಕಡಿಮೆ ಪ್ರಮಾಣ, ಶೌಚಾಲಯದ ದಾರಿಗೆ ಸಣ್ಣ ದೀಪ, ಕಾಲಿಗೆ ಸಿಕ್ಕದಂತೆ ಸುತ್ತಿಟ್ಟ ಚಾಪೆ. ಚೀಟಿಯಿಲ್ಲದೆ ಸಿಗುವ, ಮಂಪರು ತರುವ ಅಲರ್ಜಿ ಮದ್ದು ಡೈಫೆನ್‌ಹೈಡ್ರಮಿನ್ ಸೌಮ್ಯವೆಂದು ಭಾವಿಸಬೇಡಿ. ಹಿರಿಯರಲ್ಲಿ ಅದು ಗೊಂದಲ ಹುಟ್ಟಿಸುತ್ತದೆ, ಮೂತ್ರ ಕಟ್ಟಿಸುತ್ತದೆ.

ಕೆಲವು ವಾರಗಳಲ್ಲಿ ಮೊದಲಿನಷ್ಟು ಹಿಡಿಯದು ಅನಿಸಬಹುದು. ಆಗ ನೀವಾಗಿಯೇ ಒಂದೂವರೆ, ಎರಡು ಎಂದು ಏರಿಸಿದರೆ ಇಳಿಯುವ ದಾರಿ ಅಷ್ಟೇ ಉದ್ದವಾಗುತ್ತದೆ. ಕೆಲವೇ ರಾತ್ರಿ ಬಳಸಿದವರು ಸಾಮಾನ್ಯವಾಗಿ ಹಾಗೇ ನಿಲ್ಲಿಸಬಹುದು. ವಾರಗಟ್ಟಲೆ ದಿನವೂ ತೆಗೆದುಕೊಂಡವರು ದಿಢೀರನೆ ಬಿಡಬಾರದು. ಕ್ಲೋನಾಜೆಪಾಮ್, ಅಲ್ಪ್ರಜೋಲಾಮ್, ಲೊರಾಜೆಪಾಮ್ ಗುಂಪಿನವನ್ನು ಥಟ್ಟನೆ ಬಿಟ್ಟರೆ ನಡುಕ, ಕಳವಳ, ಫಿಟ್ಸ್ ಕೂಡ ಬರಬಹುದು. ವೈದ್ಯರು ಈ ಗುಂಪಿನ ಮಾತ್ರೆ ಬಿಡಿಸುವಾಗ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಶೇ. 5ರಿಂದ 10ರಷ್ಟು ಇಳಿಸುವುದುಂಟು, ಎರಡು ವಾರಕ್ಕೆ ಕಾಲು ಭಾಗಕ್ಕಿಂತ ಹೆಚ್ಚು ಇಳಿಸುವುದಿಲ್ಲ. ಕೊನೆಯ ತುಣುಕು ಬಿಡುವುದೇ ಕಷ್ಟ, ಅಲ್ಲಿ ಹೆಜ್ಜೆ ಇನ್ನೂ ಚಿಕ್ಕದಾಗಬೇಕು. ಇಳಿಸಿದ ಮೊದಲ ಕೆಲವು ರಾತ್ರಿ ನಿದ್ದೆ ಮೊದಲಿಗಿಂತಲೂ ಕೆಡುತ್ತದೆ. ಅದು ಮದ್ದು ಹಿಂದೆ ಸರಿಯುವಾಗಿನ ಮರುಹೊಡೆತ. ‘ಮಾತ್ರೆಯಿಲ್ಲದೆ ನನಗಾಗದು’ ಎಂದು ಹೆಚ್ಚಿನವರು ಸೋತು ಹಿಂದಿರುಗುವುದು ಆ ರಾತ್ರಿಗಳಲ್ಲೇ.

ಹಳೆಯ ನಿದ್ರಾಹೀನತೆಗೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ, ನಿದ್ದೆಗಾಗಿ ರೂಪಿಸಿದ ವರ್ತನಾ ಚಿಕಿತ್ಸೆ. ಎಷ್ಟೇ ತಡವಾಗಿ ಮಲಗಿದರೂ ಏಳುವ ಸಮಯ ಬದಲಿಸದಿರುವುದು, ನಿದ್ದೆ ಬಾರದೆ ಹೊರಳಾಡುತ್ತಿದ್ದರೆ ಎದ್ದು ಬೇರೆಡೆ ಕೂತು ತೂಕಡಿಕೆ ಬಂದಾಗ ಮರಳುವುದು, ಹಾಸಿಗೆಯಲ್ಲಿ ಕಳೆಯುವ ಹೊತ್ತನ್ನು ನಿಜವಾಗಿ ನಿದ್ದೆ ಬರುವಷ್ಟಕ್ಕೆ ಇಳಿಸುವುದು ಅದರ ಮುಖ್ಯ ಅಂಗಗಳು. ಮಾತ್ರೆ ಬಿಡುವುದಕ್ಕೆ ಮುಂಚೆಯೇ ಇದನ್ನು ಶುರು ಮಾಡಿದವರಿಗೆ ಇಳಿತ ಹಗುರ.

ಯಾರಾದರೂ ಹೆಚ್ಚು ಮಾತ್ರೆ ನುಂಗಿದ್ದಾರೆಂದು ಗೊತ್ತಾದರೆ ಕಾಯಬೇಡಿ, ಆಂಬ್ಯುಲೆನ್ಸ್ ಕರೆಯಿರಿ. ಅಲುಗಾಡಿಸಿದರೂ ಏಳದಿರುವುದು, ಉಸಿರು ಮಂದವಾಗಿರುವುದು, ತುಟಿ ನೀಲಿಗಟ್ಟುವುದು ಪ್ರಾಣಾಪಾಯದ ಗುರುತು. ಪ್ರಜ್ಞೆಯಿಲ್ಲದೆ ಉಸಿರಾಡುತ್ತಿದ್ದರೆ ಮಗ್ಗುಲಾಗಿ ಮಲಗಿಸಿ. ಉಸಿರು ನಿಂತಿದ್ದರೆ ಆಂಬ್ಯುಲೆನ್ಸಿನವರು ಫೋನಿನಲ್ಲಿ ಹೇಳಿದಂತೆ ಎದೆ ಒತ್ತಲು ಶುರು ಮಾಡಿ. ವಾಂತಿ ಮಾಡಿಸಬೇಡಿ, ಕಾಫಿ ಕುಡಿಸಬೇಡಿ. ಉಳಿದ ಮಾತ್ರೆಗಳ ಸಮೇತ ಸ್ಟ್ರಿಪ್ಪನ್ನು ಆಸ್ಪತ್ರೆಗೆ ಒಯ್ದು, ಯಾವಾಗ ನುಂಗಿದ್ದು, ಜೊತೆಗೆ ಮದ್ಯ ಇತ್ತೇ, ಬೇರೆ ಮದ್ದು ಇತ್ತೇ ಎಂಬುದನ್ನು ಮುಚ್ಚಿಡದೆ ಹೇಳಿ.